ಭೂಮಿ ಹುಣ್ಣಿಮೆಗೆ ಎರಡು ಬುಟ್ಟಿ

ನವರಾತ್ರಿ ಮುಗಿದು ಗೊಂಬೆಗಳೆಲ್ಲ ಪೆಟ್ಟಿಗೆ ಸೇರಿದ ಮೇಲೆ ಮನೆ ಭಣಭಣ ಅನ್ನಿಸುತ್ತದೆ, ಅಲ್ಲವೇ? ದೀಪಾವಳಿಗೆ ಇನ್ನೂ ಎರಡು ವಾರಕ್ಕೆ ಮೇಲ್ಪಟ್ಟು ದಿನಗಳಿರುತ್ತವೆ. ನಡುವೆ, ವಿಜಯದಶಮಿಯಾದ ನಾಲ್ಕೈದು ದಿನಕ್ಕೆ, ಸದ್ದಿಲ್ಲದೆ ಒಂದು ಹುಣ್ಣಿಮೆ ಬರುತ್ತದೆ. ಧಾರವಾಡದ ಕಡೆಯವರು ಇದನ್ನು ಶೀಗಿ ಹುಣ್ಣಿಮೆ ಎಂದು ಕರೆದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮಲೆನಾಡಿನವರಾದ ನಮಗೆ ಇದು ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುವ ಕಾಲ. ಬಸುರಿ ಮಗಳಿಗೆ ಬಯಕೆಯ ಊಟ ಹಾಕುತ್ತೇವಲ್ಲ, ಹಾಗೆಯೇ ಆ ದಿನ ಭೂಮಿತಾಯಿಗೆ ಬಯಕೆಯ ಊಟ.

ಆ ಊಟವನ್ನು ಹೊತ್ತೊಯ್ಯುವ ಬುಟ್ಟಿಯ ವಿಷಯವನ್ನೇ ಇವತ್ತು ನಿಮ್ಮ ಜೊತೆ ಮಾತಾಡಬೇಕೆಂದಿದ್ದೇನೆ.

ಸಾಗರ, ಸೊರಬ, ಹೊಸನಗರದ ಹಳ್ಳಿಗಳಲ್ಲಿ, ಆಚೆ ಸಿದ್ದಾಪುರದ ಕಡೆ, ದೀವರ ಮನೆಗಳ ಹೆಣ್ಣುಮಕ್ಕಳು ಈ ಹಬ್ಬಕ್ಕೆಂದು ಎರಡು ಬುಟ್ಟಿ ಸಿಂಗರಿಸುತ್ತಾರೆ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಅಚ್ಚಂಬಲಿ ಬುಟ್ಟಿ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಮದುವೆಮನೆಯ ಹಸೆಗೋಡೆಯ ಮೇಲೆ ಬರೆಯುವ ಚಿತ್ತಾರದ ವಂಶದ್ದೇ ಇದು. ಕುಂಚ ಅಂಗಡಿಯದಲ್ಲ, ಪುಂಡಿ ನಾರಿನದು. ಬಣ್ಣಗಳು ನಾಲ್ಕೇ ನಾಲ್ಕು: ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಅಕ್ಕಿಯನ್ನೇ ಕರಿಕಾಗುವ ತನಕ ಹುರಿದು ತೆಗೆದ ಕಪ್ಪು, ಗುರಿಗೆ ಕಾಯಿಯ ಹಳದಿ. ಹುಣ್ಣಿಮೆಯ ದಿನ ಬೆಳಕು ಹರಿಯುವ ಮೊದಲೇ ಗಂಡಸರು ಬಗೆಬಗೆಯ ಸೊಪ್ಪು, ತರಕಾರಿ ಬೆರೆಸಿ ಬೇಯಿಸಿದ ಚರುವನ್ನು ಚಿಕ್ಕ ಬುಟ್ಟಿಯಲ್ಲಿ ಒಯ್ದು, ಕೂಗು ಹಾಕುತ್ತ ಗದ್ದೆಗೆ ಬೀರಿ ಬರುತ್ತಾರೆ. ಬೆಳಗಾದ ಮೇಲೆ ದೊಡ್ಡ ಬುಟ್ಟಿಯಲ್ಲಿ ಕಡುಬು, ಪಾಯಸ, ಪಲ್ಯ ಹೊತ್ತು ಮನೆಮಂದಿಯೆಲ್ಲ ಗದ್ದೆಗೆ ಹೋಗಿ ಪೂಜೆ ಮಾಡಿ ಅಲ್ಲೇ ಉಣ್ಣುತ್ತಾರೆ. ಕಾಗೆಗೂ ಇಲಿಗೂ ಪಾಲು ಇಡುವ ಹಬ್ಬವಿದು. ಇಲಿಯ ಪಾಲನ್ನು ಮರೆಯದ ಹಬ್ಬ ನಮ್ಮಲ್ಲಿ ಇನ್ನೆಷ್ಟಿವೆ ಹೇಳಿ!

ಈಗ ಪೇಟೆಯ ಮನೆಗಳ ಮಾತಿಗೆ ಬರೋಣ. ಗದ್ದೆ ಇಲ್ಲ, ಸಗಣಿ ಸಿಗುವುದು ಕಷ್ಟ, ಕೆಮ್ಮಣ್ಣಿಗೆ ಊರಾಚೆ ಹೋಗಬೇಕು. ಆದರೆ ಕೈಗೆ ಆಸೆ ಇದೆ. ಸ್ಟೇಷನರಿ ಅಂಗಡಿಯಲ್ಲಿ ಅಕ್ರಿಲಿಕ್ ಬಣ್ಣದ ಸೀಸೆಗಳು ಸಾಲಾಗಿ ಕೂತಿರುತ್ತವೆ. ಸೀರೆಗೆ ಬರೆಯಲು ತಂದ ಫ್ಯಾಬ್ರಿಕ್ ಪೇಂಟ್ ನಿಮ್ಮ ಮನೆಯಲ್ಲಿದ್ದರೆ ಅದೂ ಅಕ್ರಿಲಿಕ್ ಜಾತಿಯದೇ, ಬಿಸಾಡಬೇಡಿ. ನೀರಿನಲ್ಲಿ ಕಲೆಯುತ್ತದೆ, ಕಾಲು ಗಂಟೆಯಲ್ಲಿ ಒಣಗುತ್ತದೆ, ಒಣಗಿದ ಮೇಲೆ ನೀರು ಬಿದ್ದರೂ ಜಪ್ಪಯ್ಯ ಎನ್ನುವುದಿಲ್ಲ. ಇದಕ್ಕಿಂತ ಅನುಕೂಲ ಏನು ಬೇಕು ಎಂದು ನಾನೂ ಒಂದು ವರ್ಷ ಸಂಭ್ರಮದಿಂದ ಕೂತೆ.

ಮೊದಲ ಸಲ ಕೆಟ್ಟಿತು. ಸಂಪ್ರದಾಯವೂ ಇರಲಿ, ಹೊಸತೂ ಇರಲಿ ಎಂದು ಬುಟ್ಟಿಗೆ ಸಗಣಿ ಬಳಿದು ಅದರ ಮೇಲೆ ಅಕ್ರಿಲಿಕ್ ಹಚ್ಚಿದ್ದೆ. ಹುಣ್ಣಿಮೆಯ ದಿನ ಕಣ್ಣಿಗೆ ಹಬ್ಬ. ದೀಪಾವಳಿ ಬರುವಷ್ಟರಲ್ಲಿ ಹಲಸಿನ ಹಪ್ಪಳ ಎದ್ದಂತೆ ಪದರ ಪದರವಾಗಿ ಎದ್ದು ಉದುರಿತು. ಕಾರಣ ಆಮೇಲೆ ತಿಳಿಯಿತು. ಅಕ್ರಿಲಿಕ್ ಎಂದರೆ ಒಣಗಿದ ಮೇಲೆ ಪ್ಲಾಸ್ಟಿಕ್ಕಿನ ತೆಳು ಚರ್ಮವೇ. ಸಗಣಿ, ಮಣ್ಣು ಹಾಗಲ್ಲ. ಥಂಡಿಗೆ ಉಬ್ಬುತ್ತವೆ, ಬಿಸಿಲಿಗೆ ಬಿಗಿಯುತ್ತವೆ. ಅಡಿಯಲ್ಲಿರುವುದು ಉಸಿರಾಡುತ್ತದೆ, ಮೇಲಿನ ಚರ್ಮಕ್ಕೆ ಉಸಿರಿಲ್ಲ. ಇಬ್ಬರಿಗೂ ಒಗ್ಗುವುದಿಲ್ಲ.

ಎರಡನೇ ವರ್ಷ ಸರಿಯಾಗಿ ಮಾಡಿದೆ. ಆ ಬುಟ್ಟಿಯನ್ನು ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿಗೆ ತೋರಿಸಲು ಒಯ್ದೆ. ಹಳ್ಳಿಯಲ್ಲಿದ್ದಷ್ಟು ಕಾಲ ವರ್ಷವೂ ಭೂಮಣ್ಣಿ ಬುಟ್ಟಿ ಬರೆದ ಕೈ ಅವರದು. ಬುಟ್ಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಉಗುರಿನಿಂದ ಕೆರೆದು ನೋಡಿದರು.

"ಚೆಂದಾಗೈತೆ ಮಗಾ. ಇದು ತೊಳದ್ರೆ ಹೋಗಾಕಿಲ್ವಾ?"

"ಇಲ್ಲ ಅಜ್ಜಿ, ಹತ್ತು ವರ್ಷವಾದ್ರೂ ಹೀಗೇ ಇರ್ತದೆ" ಎಂದೆ, ಹೆಮ್ಮೆಯಿಂದಲೇ.

"ಹಂಗಾರೆ ಬರೋ ವರ್ಷ ಎಂತ ಬರೀತೀಯೇ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಸೋದರಿಯರೇ, ನೀವೇ ಯೋಚಿಸಿ. ಕೆಮ್ಮಣ್ಣಿನ ಬುಟ್ಟಿ ಪ್ರತಿ ವರ್ಷ ಮಾಸುತ್ತದೆ, ಅದಕ್ಕೇ ಪ್ರತಿ ವರ್ಷ ಬರೆಯಬೇಕಾಗುತ್ತದೆ. ಪ್ರತಿ ವರ್ಷ ಬರೆಯಬೇಕಾಗುವುದರಿಂದಲೇ ಮಗಳು, ಸೊಸೆ ಪಕ್ಕದಲ್ಲಿ ಕೂತು ಕಲಿಯುತ್ತಾರೆ. ನಾನು ಒಮ್ಮೆ ಗಟ್ಟಿ ಬಣ್ಣ ಬಳಿದು ಶೋಕೇಸಿಗೆ ಇಟ್ಟರೆ ನನ್ನ ಮಗಳು ಅದರ ಧೂಳು ಒರೆಸಲು ಕಲಿತಾಳೇ ಹೊರತು ಎಳೆ ಎಳೆಯಲು ಕಲಿಯುವುದಿಲ್ಲ.

ಹಾಗೆಂದು ಅಕ್ರಿಲಿಕ್ ಬೇಡವೆನ್ನುವ ಮಡಿವಂತಿಕೆ ನನಗಿಲ್ಲ. ಅಂದಿನಿಂದ ನಾನು ಎರಡು ಬುಟ್ಟಿ ಮಾಡುತ್ತೇನೆ. ಒಂದು ಮನೆಯ ಅಂದಕ್ಕೆ, ಉಡುಗೊರೆಗೆ. ಇದಕ್ಕೆ ಅಕ್ರಿಲಿಕ್ ಆಗಬಹುದು, ಕನ್ನಡಿ, ಕವಡೆಯೂ ಆಗಬಹುದು. ಇನ್ನೊಂದು ಪೂಜೆಗೆ, ಊಟಕ್ಕೆ. ಅದಕ್ಕೆ ಕೆಮ್ಮಣ್ಣು, ಅಕ್ಕಿಹಿಟ್ಟು ಮಾತ್ರ. ಇದು ಬರೀ ಭಾವನೆಯ ಮಾತೂ ಅಲ್ಲ. ಅಕ್ರಿಲಿಕ್ ಹಚ್ಚಿದ ಬುಟ್ಟಿಯಲ್ಲಿ ಬಿಸಿ ಕಡುಬು ಇಡುವುದು ಸರಿಯಲ್ಲ. ಅದು ತಿನ್ನುವ ಪದಾರ್ಥಕ್ಕೆ ತಾಗಬಾರದ ಬಣ್ಣ.

ಅಂದದ ಬುಟ್ಟಿ ಮಾಡುವ ಬಗೆ

ಬಿದಿರಿನ ಬುಟ್ಟಿ ಕೊಳ್ಳುವಾಗ ಬಿಗಿ ಹೆಣಿಗೆಯದು, ಬಾಯಿ ಒಂದು ಅಡಿಯೊಳಗಿನದು ಆರಿಸಿ. ಮೊದಲ ಸಲಕ್ಕೆ ದೊಡ್ಡ ಬುಟ್ಟಿ ಬೇಡ, ಅರ್ಧದಲ್ಲೇ ಸಾಕಾಗಿ ಹೋಗುತ್ತದೆ. ಹೊಸ ಬುಟ್ಟಿಯ ಮೇಲ್ಮೈ ನುಣುಪಾಗಿ ಹೊಳೆಯುತ್ತಿರುತ್ತದೆ. ಆ ನುಣುಪಿಗೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಉಪ್ಪುಕಾಗದದಿಂದ ಹೊರಮೈಯನ್ನೆಲ್ಲ ಚೆನ್ನಾಗಿ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಡಿ. ಬಿದಿರಿನ ಸಿಬಿರು ಉಗುರಿನ ಸಂದಿಗೆ ಹೋದರೆ ಹಬ್ಬವೆಲ್ಲ ಅದರಲ್ಲೇ ಕಳೆದೀತು, ಜೋಕೆ.

ಇನ್ನು ಸಂದುಗಳನ್ನು ಮುಚ್ಚಬೇಕು. ಸಗಣಿಯ ಬದಲು ನಮ್ಮ ಅಜ್ಜಿಯರು ಮೊರಕ್ಕೂ ಬುಟ್ಟಿಗೂ ಮೆತ್ತುತ್ತಿದ್ದ ಕಾಗದದ ಹಿಟ್ಟು ಇದಕ್ಕೆ ಹೇಳಿ ಮಾಡಿಸಿದ್ದು. ಹಳೇ ಪೇಪರುಗಳನ್ನು ಚೂರು ಮಾಡಿ ಎರಡು ದಿನ ನೀರಿನಲ್ಲಿ ನೆನೆಸಿ. ಒಂದು ಬುಟ್ಟಿಗೆ ನಾಲ್ಕು ದಿನಗಳ ಪೇಪರು ಬೇಕಾದೀತು. ಎರಡು ಚಮಚ ಮೆಂತ್ಯವನ್ನು ಬೇರೆ ನೆನೆಸಿಡಿ. ಎರಡನ್ನೂ ಸೇರಿಸಿ ನುಣ್ಣಗೆ ರುಬ್ಬಿ, ನೀರು ಹಿಂಡಿ, ಎರಡು ದೊಡ್ಡ ಚಮಚ ಫೆವಿಕಾಲ್ ಹಾಕಿ ಚಪಾತಿ ಹಿಟ್ಟಿಗಿಂತ ಮೆತ್ತಗೆ ನಾದಿಕೊಳ್ಳಿ. (ಮಿಕ್ಸಿಯಲ್ಲಿ ರುಬ್ಬಿದರೆ ಅದೇ ದಿನ ಚಟ್ನಿಗೆ ಇಳಿಯಬೇಡಿ. ಪೇಪರಿನ ಮಸಿ ಇರುತ್ತದೆ, ಜಾರನ್ನು ಬೇರೆಯೇ ಇಟ್ಟುಕೊಳ್ಳುವುದು ಒಳ್ಳೆಯದು.) ಈ ಹಿಟ್ಟನ್ನು ಹೊರಮೈಗೆ ತೆಳ್ಳಗೆ ಒತ್ತಿ ಬಳಿಯಿರಿ. ದಪ್ಪ ಬಳಿದರೆ ಒಣಗುವಾಗ ಬಿರಿಯುತ್ತದೆ.

ಕನ್ನಡಿ ಕೂರಿಸುವ ಆಸೆಯಿದ್ದರೆ ಈಗಲೇ ಕೂರಿಸಬೇಕು. ಬಣ್ಣ ಹಚ್ಚಿದ ಮೇಲೆ ಅಂಟಿಸಿದ ಕನ್ನಡಿ ಒಂದೇ ವರ್ಷದಲ್ಲಿ ಕಳಚಿ ಬೀಳುತ್ತದೆ. ಹಸಿ ಹಿಟ್ಟಿನಲ್ಲಿ ಒತ್ತಿ, ಅಂಚಿನ ಸುತ್ತ ಚಕ್ಕುಲಿ ಎಳೆಯಂತೆ ಸಣ್ಣ ಹಿಟ್ಟಿನ ಬಳ್ಳಿ ಇಟ್ಟು ಬೆರಳಿನಿಂದ ನೇವರಿಸಿದರೆ ಹಿಟ್ಟು ಒಣಗಿ ಕನ್ನಡಿಯನ್ನು ತಾನೇ ಕಚ್ಚಿ ಹಿಡಿಯುತ್ತದೆ. ಕಸೂತಿಗೆ ಬಳಸುವ ದುಂಡು ಕನ್ನಡಿಗಳು ಸಾಕು. ಕವಡೆಯನ್ನೂ ಹೀಗೆಯೇ ಕೂರಿಸಬಹುದು.

ಈಗ ನೆರಳಿನಲ್ಲಿ ಎರಡು ದಿನ, ಬಿಸಿಲಿನಲ್ಲಿ ಒಂದು ದಿನ ಒಣಗಲಿ. ಅವಸರ ಮಾಡಬೇಡಿ. ಒಳಗೆ ಪಸೆ ಉಳಿದರೆ ಮಲೆನಾಡಿನ ಹವೆಗೆ ಬಣ್ಣದಡಿಯಲ್ಲಿ ಬೂಷ್ಟು ಬರುತ್ತದೆ. ತಟ್ಟಿದರೆ ಟಣ್ ಎನ್ನಬೇಕು, ದಬ್ ಎನ್ನಬಾರದು.

ನೆಲಬಣ್ಣಕ್ಕೆ ಕೆಮ್ಮಣ್ಣಿನ ಕೆಂಪನ್ನೇ ಬೆರೆಸಿಕೊಳ್ಳಿ. ಸೀಸೆಯ ಕಡುಕೆಂಪು ಹಾಗೇ ಹಚ್ಚಿದರೆ ಬಸ್ಸಿನ ಬಣ್ಣದಂತೆ ಕಾಣುತ್ತದೆ. ಬರ್ನ್ಟ್ ಸಿಯೆನ್ನಾ ಎಂದು ಬರೆದ ಸೀಸೆ ಸಿಕ್ಕಿದರೆ ಅದಕ್ಕೆ ಅರ್ಧದಷ್ಟು ಕೆಂಪು ಸೇರಿಸಿ. ಇಲ್ಲದಿದ್ದರೆ ಕೆಂಪಿಗೆ ತುಸು ಹಳದಿ, ಕಡ್ಡಿಯ ತುದಿಯಷ್ಟೇ ಕಪ್ಪು. ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರುವ ಹದಕ್ಕೆ ಕಲಸಿ ಎರಡು ಸಲ ಹಚ್ಚಿ. ಮೊದಲನೆಯದು ಪೂರಾ ಒಣಗುವ ತನಕ ಎರಡನೆಯದು ಬೇಡ. ಬಿಳಿಯನ್ನೂ ಸೀಸೆಯಿಂದ ನೇರ ತೆಗೆಯಬೇಡಿ. ಅಕ್ಕಿಹಿಟ್ಟಿನ ಬಿಳಿ ಸುಣ್ಣದ ಬಿಳಿಯಂಥದಲ್ಲ, ಹಾಲಿನ ಕೆನೆಯಂಥದು. ಅರ್ಧ ಹನಿ ಹಳದಿ ಬಿದ್ದರೆ ಆ ಮೃದುತ್ವ ಬರುತ್ತದೆ. ಹದವೂ ಕೆನೆಯದೇ ಇರಲಿ. ನೀರಾದರೆ ಅಡಿಯ ಕೆಂಪು ಇಣುಕುತ್ತದೆ, ಗಟ್ಟಿಯಾದರೆ ಎಳೆ ನಡುವೆ ತುಂಡಾಗುತ್ತದೆ.

ಎಳೆಯ ಮಾತು

ಚಿತ್ತಾರದ ಜೀವ ಎಳೆಯಲ್ಲಿದೆ. ಹೂ, ಬಳ್ಳಿ, ನವಿಲು ಬಿಡಿಸುವ ಕೈಗೆ ಇದು ಮೊದಮೊದಲು ಸಪ್ಪೆ ಅನ್ನಿಸೀತು. ಅಡ್ಡ ಎಳೆ, ಉದ್ದ ಎಳೆ, ಓರೆ ಎಳೆ, ತ್ರಿಕೋನ, ಚುಕ್ಕಿ, ಇಷ್ಟರಲ್ಲೇ ಎಲ್ಲವೂ. ಗೊಂಬೆ ಎಂದರೆ ತುದಿ ಕೂಡಿದ ಎರಡು ತ್ರಿಕೋನಕ್ಕೆ ಕೈಕಾಲು. ಭತ್ತದ ಸಸಿಯೆಂದರೆ ನೆಟ್ಟಗಿನ ಒಂದು ಎಳೆಗೆ ಎರಡೂ ಕಡೆ ಗಿಡ್ಡ ಓರೆ ಎಳೆಗಳು. ಏಣಿಯೂ ಎತ್ತೂ ಹೀಗೆಯೇ. ಆದರೆ ಒಂದರ ಪಕ್ಕ ಒಂದು, ಒಂದೇ ದಪ್ಪಕ್ಕೆ, ಒಂದೇ ಅಂತರಕ್ಕೆ ಹತ್ತು ಎಳೆ ಎಳೆದು ನೋಡಿ. ಕಷ್ಟ ಎಲ್ಲಿದೆಯೆಂದು ಆಗ ತಿಳಿಯುತ್ತದೆ.

ಸುಲಭವಾಗಲು ಕೆಲವು ಉಪಾಯ ಹೇಳುತ್ತೇನೆ. ಬುಟ್ಟಿಯ ಸುತ್ತಳತೆಗೆ ಒಂದು ದಾರ ಕತ್ತರಿಸಿ, ಅದನ್ನು ಮೂರು ಬಾರಿ ಮಡಿಸಿದರೆ ಎಂಟು ಭಾಗವಾಗುತ್ತದೆ. ಮಡಿಕೆಗಳಿಗೆ ಗುರುತು ಹಾಕಿ ದಾರವನ್ನು ಬುಟ್ಟಿಗೆ ಸುತ್ತಿದರೆ ಎಂಟು ಮನೆಗಳು ಸಮವಾಗಿ ಸಿಗುತ್ತವೆ, ಕೊನೆಯ ಗೊಂಬೆಗೆ ಜಾಗ ಸಾಲದೆ ಸೊಂಟ ಸಣ್ಣ ಮಾಡುವ ಪ್ರಮೇಯ ಬರುವುದಿಲ್ಲ. ಅಡ್ಡ ಎಳೆಗೂ ದಾರ ಕಟ್ಟಿಕೊಂಡು ಅದರ ಅಂಚಿನಲ್ಲೇ ಸೀಮೆಸುಣ್ಣದ ಗೆರೆ ಹಾಕಿಕೊಳ್ಳಿ. ಬುಟ್ಟಿಯನ್ನು ಮಡಿಲಲ್ಲಿ ಓರೆಯಾಗಿ ಇಟ್ಟುಕೊಂಡು, ಕಿರುಬೆರಳನ್ನು ಬುಟ್ಟಿಗೆ ಊರಿ, ಕುಂಚವನ್ನು ನಿಮ್ಮತ್ತ ಎಳೆಯಿರಿ, ದೂಡಬೇಡಿ. ಕೈ ತಿರುಗಿಸುವ ಬದಲು ಬುಟ್ಟಿಯನ್ನೇ ತಿರುಗಿಸಿ. ಸೊನ್ನೆ ನಂಬರಿನ ದುಂಡು ಕುಂಚ ಸಾಕು. ಪುಂಡಿ ನಾರು ಸಿಕ್ಕಿದರೆ ಒಂದಿಷ್ಟನ್ನು ಗಟ್ಟಿಯಾಗಿ ಕಟ್ಟಿ, ತುದಿ ಜಜ್ಜಿ ಬಿಡಿಸಿ ನೋಡಿ. ನೈಲಾನ್ ಕುಂಚಕ್ಕಿಂತ ಹೆಚ್ಚು ಬಣ್ಣ ಕುಡಿದು ಉದ್ದದ ಎಳೆ ಕೊಡುತ್ತದೆ. ಚುಕ್ಕಿಗೆ ಬೆಂಕಿಕಡ್ಡಿಯ ಹಿಂಬದಿಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ.

ತಪ್ಪಿದರೆ? ಹಸಿಯಿದ್ದಾಗಲೇ ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ್ದರೆ ಕೆಂಪನ್ನೇ ಅದರ ಮೇಲೆ ಹಚ್ಚಿ ಮತ್ತೆ ಬರೆಯಿರಿ. ಅಕ್ರಿಲಿಕ್‌ನ ದೊಡ್ಡ ಉಪಕಾರವೇ ಇದು. ಅಕ್ಕಿಹಿಟ್ಟು ಒಣಗಿದ ಮೇಲಷ್ಟೇ ಬೆಳ್ಳಗೆ ಕಾಣುವುದು, ಬರೆಯುವಾಗ ಎಲ್ಲಿ ತಪ್ಪಿತೆಂದು ಸರಿಯಾಗಿ ತಿಳಿಯುವುದಿಲ್ಲ. ಅಜ್ಜಿಯಂಥವರು ಆ ಕಾಣದ ಬಿಳಿಯಲ್ಲಿ ತಪ್ಪಿಲ್ಲದೆ ಬರೆಯುತ್ತಿದ್ದರಲ್ಲ ಎಂದು ನನಗೆ ಈಗಲೂ ಬೆರಗು.

ಅಂಟಿಸುವ ಅಲಂಕಾರದ ಬಗ್ಗೆ ನನ್ನದೊಂದು ಹಟವಿದೆ. ಎಳೆಗಳ ಮೇಲೆ ಏನನ್ನೂ ಅಂಟಿಸಬೇಡಿ. ಕನ್ನಡಿ, ಕವಡೆ ದೀವರ ಚಿತ್ತಾರದಲ್ಲಿ ಇಲ್ಲ, ಅವು ನಮ್ಮ ಸೇರ್ಪಡೆ. ಸೇರಿಸಿದ್ದು ಅಂಚಿನಲ್ಲಿರಲಿ, ನಡುಮನೆಗೆ ಬರುವುದು ಬೇಡ. ಬಾಯಿಯ ಅಂಚಿಗೆ ಸೆಣಬಿನ ದಾರವನ್ನು ಜಡೆ ಹೆಣೆದು ಅಂಟಿಸಿದರೆ ಬಿದಿರಿನ ಒರಟುತನ ಮುಚ್ಚುತ್ತದೆ. ಅದರ ಕೆಳಗೆ ಭತ್ತದ ಕಾಳುಗಳನ್ನು ಎರಡೆರಡಾಗಿ ಓರೆಯಿಟ್ಟು ಫೆವಿಕಾಲಿನಿಂದ ಸಾಲು ಮಾಡಿದರೆ ಜರಿಯಂಚಿನ ಹಾಗೆ ಕಾಣುತ್ತದೆ. ಹೂವಿನೆಸಳಿಗೆ ತೊಳೆದು ಒಣಗಿಸಿದ ಕುಂಬಳದ ಬೀಜ ಬಲು ಚೆನ್ನ. ಕೆಂಪು ಗುಲಗಂಜಿ ಕಪ್ಪು ಕಣ್ಣಿನ ಸಮೇತ ಎಷ್ಟು ಮುದ್ದಾಗಿ ಕಂಡರೂ, ಮಕ್ಕಳಿರುವ ಮನೆಯಲ್ಲಿ ಖಂಡಿತ ಬೇಡ. ಆ ಬೀಜ ಕಡು ವಿಷ. ಜಗಿದರೆ ಪ್ರಾಣಕ್ಕೇ ಅಪಾಯ. ಹೊಳೆಯುವ ಪುಡಿ, ಬಣ್ಣದ ಕಲ್ಲು, ಪ್ಲಾಸ್ಟಿಕ್ ಮುತ್ತು ಹಾಕಿದ್ದನ್ನೂ ನೋಡಿದ್ದೇನೆ. ನನಗೆ ಹಿಡಿಸಲಿಲ್ಲ. ಆ ಬುಟ್ಟಿ ಮದುವೆಯ ಬಳೆ ಪೆಟ್ಟಿಗೆಯಾಗಿತ್ತು, ಭೂಮಿಯ ಬುಟ್ಟಿಯಾಗಿರಲಿಲ್ಲ.

ಎಲ್ಲ ಮುಗಿದ ಮೇಲೆ ಬುಟ್ಟಿಗಳನ್ನು ಒಂದರೊಳಗೊಂದು ಸೇರಿಸಿಡಬೇಡಿ. ಸೆಕೆಗೆ ಅಕ್ರಿಲಿಕ್ ಅಂಟಂಟಾಗಿ ಒಂದಕ್ಕೊಂದು ಹಿಡಿದುಕೊಂಡು, ಬಿಡಿಸುವಾಗ ಬಣ್ಣವೂ ಕಿತ್ತು ಬರುತ್ತದೆ. ಪೇಪರು ಸುತ್ತಿದರೆ ಅದರ ಅಕ್ಷರಗಳೆಲ್ಲ ಬುಟ್ಟಿಯ ಮೇಲೆ ಮೂಡಿಯಾವು. ಹಳೇ ಹತ್ತಿ ಸೀರೆಯ ತುಂಡು ಒಳ್ಳೆಯದು. ಕುಂಚವನ್ನು ಮಾತ್ರ ಆಗಿಂದಾಗಲೇ ತೊಳೆಯಿರಿ. ಸಾರಿಗೆ ಒಗ್ಗರಣೆ ಹಾಕಿ ಬರುತ್ತೇನೆಂದು ಹೋದಿರೋ, ಬರುವಷ್ಟರಲ್ಲಿ ಅದು ಕಡ್ಡಿಯಾಗಿರುತ್ತದೆ.

ಬುಟ್ಟಿಯನ್ನು ಯಾರಿಗಾದರೂ ಉಡುಗೊರೆ ಕೊಟ್ಟರೆ, ಸಂತೆಯಲ್ಲೋ ಮಹಿಳಾ ಸಮಾಜದ ಮಾರಾಟದಲ್ಲೋ ಇಟ್ಟರೆ, ಇದು ದೀವರ ಹೆಣ್ಣುಮಕ್ಕಳ ಚಿತ್ತಾರ ನೋಡಿ ಕಲಿತದ್ದೆಂದು ಬಾಯಿಬಿಟ್ಟು ಹೇಳಿ. ಸಾಗರದ ಹತ್ತಿರದ ಸಿರಿವಂತೆಯಂಥ ಊರುಗಳಲ್ಲಿ ಇದನ್ನೇ ಕಸುಬು ಮಾಡಿಕೊಂಡ ಕಲಾವಿದರಿದ್ದಾರೆ. ಆ ಕಡೆ ಹೋದರೆ ಅವರ ಕೈಯ ಎಳೆಯನ್ನು ಕಣ್ಣಾರೆ ನೋಡಿ ಬನ್ನಿ. ಪುಸ್ತಕದಿಂದ ತಿಳಿಯದ ಎಷ್ಟೋ ಸಂಗತಿ ಅವರ ಮಣಿಕಟ್ಟು ನೋಡಿದರೆ ತಿಳಿಯುತ್ತದೆ.

ಇನ್ನೊಂದು ಬುಟ್ಟಿ

ಊಟದ ಬುಟ್ಟಿಗೆ ಇಷ್ಟೆಲ್ಲ ರಗಳೆ ಇಲ್ಲ. ಕೆಮ್ಮಣ್ಣು ಒಂದು ಸೇರಿನಷ್ಟು ತಂದು, ಕಲ್ಲು ಆರಿಸಿ, ರಾತ್ರಿ ನೆನೆಹಾಕಿ. ಬೆಳಿಗ್ಗೆ ಕದಡಿ ಬಟ್ಟೆಯಲ್ಲಿ ಸೋಸಿದರೆ ಮರಳು ಕೆಳಗುಳಿಯುತ್ತದೆ. ಸಗಣಿ ಬಳಿದು ಒಣಗಿಸಿದ ಬುಟ್ಟಿಯ ಹೊರಮೈಗೆ ಇದನ್ನು ಬಟ್ಟೆಯುಂಡೆಯಿಂದ ಬಳಿಯಿರಿ. ಸಗಣಿ ಸಿಗದ ಪೇಟೆಯಲ್ಲಿ ಬರೀ ಕೆಮ್ಮಣ್ಣನ್ನೇ ತುಸು ಗಟ್ಟಿಯಾಗಿ ಎರಡು ಸಲ ಬಳಿದರೂ ನಡೆಯುತ್ತದೆ. ಒಂದು ಹಿಡಿ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ, ಬೆಣ್ಣೆಯಂತೆ ರುಬ್ಬಿ ಸೋಸಿಕೊಂಡರೆ ಬಿಳಿ ತಯಾರು. ಒಳಗೆ ಬಾಳೆಲೆ ಹಾಸಿ ಕಡುಬು ತುಂಬಿ.

ದಿನಗಳ ಲೆಕ್ಕ ತಪ್ಪದಿರಲಿ. ಅಕ್ರಿಲಿಕ್ ಬುಟ್ಟಿಯ ಹಿಟ್ಟು ಒಣಗಲೇ ಮೂರು ದಿನ ಬೇಕು, ಪೇಪರು ನೆನೆಯಲು ಎರಡು ದಿನ. ಆದ್ದರಿಂದ ಅದನ್ನು ನವರಾತ್ರಿಯ ನಡುವೆಯೇ ಶುರು ಮಾಡಿ. ಕೆಮ್ಮಣ್ಣಿನದನ್ನು ವಿಜಯದಶಮಿಯ ಮರುದಿನ ಹಿಡಿದರೂ ಹುಣ್ಣಿಮೆಗೆ ಸಲೀಸಾಗಿ ಮುಗಿಯುತ್ತದೆ. ಗದ್ದೆ ಇಲ್ಲದ ನಾವು ಹಿತ್ತಿಲಿನ ಬಾಳೆಯ ಬುಡದಲ್ಲಿ ಪೂಜೆ ಮಾಡುತ್ತೇವೆ. ಮಹಡಿಯ ಮನೆಯವರು ತುಳಸಿ ಕುಂಡದ ಮುಂದೆ ಮಾಡಿದ್ದನ್ನೂ ಕಂಡಿದ್ದೇನೆ. ಒಂದು ತುತ್ತು ಕಾಗೆಗೆ ಇಡುವುದನ್ನು ಅವರೂ ಬಿಟ್ಟಿರಲಿಲ್ಲ.

ಹಬ್ಬ ಕಳೆದ ಮೇಲೆ ಮಣ್ಣಿನ ಬುಟ್ಟಿಯನ್ನು ಒರೆಸಿ ಅಟ್ಟದಲ್ಲಿ ತೂಗುಹಾಕಿ. ಮುಂದಿನ ವರ್ಷ ಇಳಿಸಿದಾಗ ಎಳೆಗಳು ಅರ್ಧಕ್ಕರ್ಧ ಮಾಸಿರುತ್ತವೆ. ಪೂರ್ತಿ ತೊಳೆಯುವ ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಣಿಸಿ ನೋಡಿ: ಅಂಚಿಗೆ ಎಷ್ಟು ಎಳೆ ಇತ್ತು, ಏಣಿಗೆ ಎಷ್ಟು ಮೆಟ್ಟಿಲು, ಗೊಂಬೆಯ ಕೈ ಎತ್ತ ತಿರುಗಿತ್ತು. ಆಮೇಲೆ ನೀರು ಹಾಕಿ.